ಪಕ್ಕದಲ್ಲಿ ಕೂರುವವರು

"ಅಮ್ಮಂಗೆ ಈಗ್ಲೇ ಹೇಳ್ಬೇಡಿ ಆಂಟಿ, ಬೈತಾಳೆ."

ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿಯುತ್ತಿದ್ದ ಶಾಂತಲಾ ಮೆಟ್ಟಿಲಲ್ಲೇ ನಿಂತಳು. ಮಗಳು ಬಿಂದುಶ್ರೀಯ ದನಿ. ಬರುತ್ತಿದ್ದುದು ಮಹಡಿಯಲ್ಲಿ ಬಾಡಿಗೆಗಿರುವ ಟೈಲರ್ ಲತಾಮಣಿಯ ಮನೆಯಿಂದ.

ಎಲ್ಲ ಶುರುವಾದದ್ದು ಶಾಲೆಯ ಒಂದು ಪಾಠದಿಂದ. ಮೈಗೆ ಹುಷಾರಿಲ್ಲವೆಂದು ಎಐ ಆ್ಯಪ್‌ಗೆ ಕೇಳುವಾಗ ನಂಬಿಕೆಯ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಅದು ಹೇಳಿದ್ದೇ ಕೊನೆಯಲ್ಲ, ಡಾಕ್ಟರಿಗೆ ತೋರಿಸಬೇಕು. ಆ ದೊಡ್ಡವರನ್ನು ಮಕ್ಕಳೇ ಆರಿಸಿಕೊಳ್ಳಬೇಕು. ಐದನೇ ಕ್ಲಾಸಿನ ಬಿಂದು ಆರಿಸಿದ್ದು ಅಮ್ಮನನ್ನೇ. ಕೆಮ್ಮು, ತರಚಿದ ಮೊಣಕಾಲು, ಎಲ್ಲವನ್ನೂ ಇಬ್ಬರೂ ಒಟ್ಟಿಗೆ ಕೂತು ಕೇಳಿದ್ದರು. ಈಚೆಗೆ ಮಗಳು ಮಹಡಿ ಹತ್ತುತ್ತಿದ್ದಾಳೆ.

ಶಾಂತಲಾಗೆ ಹೊಟ್ಟೆ ಉರಿಯಿತು. ಲತಾಮಣಿಗೆ ಮಕ್ಕಳಿಲ್ಲ. ಚೂರು ಬಟ್ಟೆಯಲ್ಲಿ ಬೊಂಬೆಗೆ ಲಂಗ ಹೊಲಿದುಕೊಟ್ಟು ಹುಡುಗಿಯನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ. ಅವಳಿಗೆ ರವಿಕೆಯ ಅಳತೆ ಕೊಡುವುದನ್ನೇ ಶಾಂತಲಾ ಬಿಟ್ಟಿದ್ದಳು. ಗೌರಿ ಹಬ್ಬದ ಹೊಸ ಸೀರೆಗೂ ಹಳೇ ರವಿಕೆಯೇ ಆಯಿತು.

"ಏನೇ ಅದು, ಆಂಟಿ ಹತ್ರ ಗುಟ್ಟು?" ಬಿಂದು ಕೆಳಗಿಳಿದು ಬಂದಾಗ ಕೇಳಿದಳು.

"ಏನಿಲ್ಲಮ್ಮ." ಬಿಂದು ಬಂದು ಎದೆಗೆ ಒರಗಿದಳು. ಶಾಂತಲಾ ಮೊಣಕೈಯಿಂದ ಸರಿಸಿದಳು.

"ಅಲ್ಲೇ ಹೋಗಿ ಒರಗ್ಕೋ. ಅವಳೇ ಅಲ್ವಾ ನಿಂಗೆ ಈಗ ಅಮ್ಮ?"

ಬಿಂದು ಅಳಲಿಲ್ಲ. ಅಮ್ಮನನ್ನೇ ನೋಡುತ್ತ ನಿಂತಳು. ಶಾಂತಲಾ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಮಿಕ್ಸಿ ಹಾಕಿದಳು. ಚಟ್ನಿ ನುಣ್ಣಗಾದ ಮೇಲೂ ಅದು ತಿರುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಲತಾಮಣಿ, ಒಳ್ಳೆಯ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು. ಬಿಂದು ಅವಳ ಕೈ ಹಿಡಿದಿದ್ದಳು. ಗೇಟಿನಾಚೆ ಆಟೋ ನಿಂತಿತ್ತು.

"ನನ್ನ ಮಗಳನ್ನ ಎಲ್ಲಿಗೆ ಕರ್ಕೊಂಡ್ ಹೊರಟ್ರಿ?" ಶಾಂತಲಾ ಬಾಗಿಲಿಗೆ ಅಡ್ಡ ನಿಂತಳು. "ಹೊಸಕೆರೆಹಳ್ಳಿ ತುಂಬ ಮಕ್ಕಳಿದ್ದಾರೆ, ನಿಮಗೆ ನಂದೇ ಬೇಕಿತ್ತಾ?"

"ಅವಳನ್ನಲ್ಲ ಅಕ್ಕ, ಕರ್ಕೊಂಡ್ ಹೋಗ್ತಿರೋದು," ಎಂದಳು ಲತಾಮಣಿ ಮೆಲ್ಲಗೆ.

ಬಿಂದು ಆಂಟಿಯ ಕೈಬಿಟ್ಟು ಅಮ್ಮನ ಸೆರಗು ಹಿಡಿದಳು. "ಎದೇಲಿರೋ ಗಂಟಿನ ವಿಷಯ ನೀನು ದಿನಾ ಒಬ್ಬಳೇ ಆ್ಯಪ್‌ಗೆ ಕೇಳ್ತಿದ್ಯಲ್ಲಮ್ಮ, ಅದಕ್ಕೇ ಡಾಕ್ಟರ್ ಹತ್ರ ಹೋಗುವಾಗ ನಿನ್ ಪಕ್ಕದಲ್ಲಿರೋಕೆ ಆಂಟೀನ ಆರಿಸ್ದೆ."