ಒರಿಜಿನಲ್ ಲಾರಿಗೆ ಮೂರು ತೂತು

"ಸೀಟ್ ಬೆಲ್ಟ್ ನಾನೇ ಹಾಕ್ದೆ. ಸುಮ್ನೆ ಒಂದ್ಸಲ ನೋಡಿ ಹೇಳಮ್ಮ," ಎಂದು ತಾತ ಗ್ಯಾರೇಜಿನ ಮೆಕ್ಯಾನಿಕ್ ಹೆಂಗಸಿಗೆ ಲಾರಿಯ ಬಾಗಿಲು ತೆರೆದ.

ನೋಡಿ ಹೇಳು ಅಂದರೆ ಹೊಗಳು ಎಂದೇ ಅರ್ಥ. ಅವನಿಗೆ ಅಪ್ಪನಿಂದ ಬಂದ ಲಾರಿ ಅದು. ಬಣ್ಣ ಒರಿಜಿನಲ್, ಸ್ಟೇರಿಂಗ್ ಒರಿಜಿನಲ್, ಹಾರ್ನಿನ ಕೆಮ್ಮೂ ಒರಿಜಿನಲ್. ಗ್ಯಾರೇಜಿನವರು ಅವನನ್ನೇ ಒರಿಜಿನಲ್ ತಾತ ಎನ್ನುತ್ತಿದ್ದರು. ನಾಳೆ ಹಳೇ ಗಾಡಿಗಳ ಮೆರವಣಿಗೆ. ಜತೆಗೆ ಬಂದಿದ್ದ ಏಳು ವರ್ಷದ ಮೊಮ್ಮಗಳಿಗೆ ತಾತನ ಪಕ್ಕದಲ್ಲೇ ಕೂರಬೇಕೆಂಬ ಹಟ; ಬೆಲ್ಟಿಲ್ಲದೆ ಕಳಿಸುವುದಿಲ್ಲವೆಂದು ಅವಳಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮೆಕ್ಯಾನಿಕ್ ಹೆಂಗಸು ಸೀಟಿನ ಕೊಕ್ಕೆ ತೆಗೆದು, ಒಂದೇ ಕೈಯಲ್ಲಿ ಸೀಟನ್ನು ಮುಂದಕ್ಕೆ ಮಗುಚಿದಳು. ಬೆಲ್ಟೂ ಅದರ ಜತೆಗೇ ಮಗುಚಿತು.

"ಮಗೂನ ಸೀಟಿಗೆ ಕಟ್ಟಿದೀರ. ಸೀಟನ್ನ ಯಾವುದಕ್ಕೆ ಕಟ್ಟಿದೀರ ಯಜಮಾನ್ರೆ?"

ತಾತ ತಬ್ಬಿಬ್ಬಾದ. "ಕೊಕ್ಕೆ ಇದೆಯಲ್ಲ... ಒರಿಜಿನಲ್ಲು."

"ಬ್ರೇಕ್ ಹೊಡೆದ್ರೆ ಮಗು, ಬೆಲ್ಟು, ಸೀಟು ಎಲ್ಲಾ ಸೇರಿ ಗಾಜಿಗೆ. ನೆಲದಲ್ಲಿ ಎರಡು, ಬಾಗಿಲ ಕಂಬದಲ್ಲಿ ಒಂದು ತೂತು ಕೊರೀಬೇಕು. ತಗಡು ಹರಿಯದ ಹಾಗೆ ಹಿಂದೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಬಿಗೀಬೇಕು."

"ತೂತಾ! ನಮ್ಮಪ್ಪ ಇದಕ್ಕೊಂದು ಮೊಳೆ ಹೊಡೆದೋರಲ್ಲ! ಬೇಡ ಬಿಡಮ್ಮ, ಇವಳು ಮನೇಲೇ ಇರ್ಲಿ."

ಮೆಕ್ಯಾನಿಕ್ ಸೀಟನ್ನು ಮೊದಲಿನಂತೆ ಇಟ್ಟಳು. ಮೊಮ್ಮಗಳು ಹತ್ತಿ ಕೂತು, ಮುಖ ಊದಿಸಿಕೊಂಡು ಡ್ಯಾಶ್‌ಬೋರ್ಡಿಗೆ ಹಣೆ ಒರಗಿಸಿದಳು. ಅಲ್ಲಿ ತಗಡು ಸ್ವಲ್ಪ ತಗ್ಗಾಗಿತ್ತು. ಆ ತಗ್ಗಿನಲ್ಲಿ ಅವಳ ಹಣೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಈ ತಗ್ಗೂ ಒರಿಜಿನಲ್ಲಾ?" ಮೆಕ್ಯಾನಿಕ್ ನಕ್ಕಳು.

ತಾತ ನಗಲಿಲ್ಲ. ಕೈ ತನ್ನ ಹಣೆಯ ಹಳೇ ಗಾಯದ ಗುರುತಿಗೆ ಹೋಯಿತು. "ಅಲ್ಲ. ಅದು ನಂದು. ನಾನೂ ಇವಳಷ್ಟೇ ಇದ್ದೆ. ನಾಯಿ ಅಡ್ಡ ಬಂತು, ಅಪ್ಪ ಬ್ರೇಕ್ ಹೊಡೆದ್ರು, ಅಷ್ಟೇ. ಆ ತಗ್ಗನ್ನ ಅವರು ಸರಿಮಾಡಿಸ್ಲೇ ಇಲ್ಲ. ನೋಡಿದಾಗೆಲ್ಲ ಕಣ್ಣು ಒರೆಸ್ಕೊಳ್ಳೋರು."

ಮೊಮ್ಮಗಳ ತಲೆ ಇನ್ನೂ ಅಲ್ಲೇ ಇತ್ತು. ತಾತ ಅವಳ ಹಣೆಗೆ ಅಡ್ಡ ಕೈ ಇಟ್ಟ.

"ಇಳಿಯೇ ಪುಟ್ಟಿ," ಎಂದ. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದ. "ಡ್ರಿಲ್ ಕೊಡಮ್ಮ. ಎಲ್ಲಿ ಅಂತ ತೋರ್ಸು, ನಾನೇ ಕೊರೀತೀನಿ."

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಮೆಕ್ಯಾನಿಕ್ ಬೆಲ್ಟನ್ನು ಹುಡುಗಿಯ ಹೆಗಲ ಮೇಲಿಂದ ತಂದು, ಸೊಂಟದ ಮೂಳೆಗೆ ಒತ್ತುವಂತೆ ಬಿಗಿದಳು. ಹುಡುಗಿ ಮೊದಲಿನಂತೆ ಹಣೆ ಮುಂದೆ ಚಾಚಿದಳು. ಹಣೆ ತಗ್ಗಿನಿಂದ ಒಂದು ಗೇಣು ದೂರದಲ್ಲೇ ನಿಂತಿತು.

"ತಾತಾ, ಮುಟ್ಟಕ್ಕೇ ಆಗ್ತಿಲ್ಲ!" ಎಂದು ದೂರಿದಳು.

"ಇನ್ನೊಂದ್ಸಲ ಮುಟ್ಟಿ ನೋಡೇ ಪುಟ್ಟಿ," ಎಂದ ತಾತ. "ಜೋರಾಗಿ."