ಆಯ್ದ ಭಾಗ

“ಓದೇ, ಇನ್ನೂ ಟೈಮಿದೆ,” ಎಂದಳು ಅಮ್ಮ. ಆಪರೇಷನ್ನಿಗೆ ಕರೆದೊಯ್ಯಲು ಇನ್ನು ಅರ್ಧ ಗಂಟೆ. ಆಸ್ಪತ್ರೆಯ ಹಸಿರು ಗೌನಿನೊಳಗೆ ಅವಳು ಗುಬ್ಬಿಯಷ್ಟಾಗಿದ್ದಳು.

ಜೀವಮಾನವಿಡೀ ಹೊಲಿಗೆ ಮೆಷಿನ್ ತುಳಿದು ಮಗಳನ್ನು ಉಪನ್ಯಾಸಕಿ ಮಾಡಿದವಳು. ತನಗೆ ಮಾತ್ರ ಅಕ್ಷರ ಒಲಿದಿರಲಿಲ್ಲ. ಮಗಳ ಬಾಯಿಂದ ಒಂದು ಕಥೆ ಕೇಳಬೇಕೆಂಬ ಆಸೆಗೆ ಇಷ್ಟು ವರ್ಷ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಈಗ ಮಗಳ ಚೀಲದಲ್ಲಿದ್ದದ್ದು ಪಠ್ಯಪುಸ್ತಕವೊಂದೇ. ಅದರಲ್ಲೇ ಒಂದು ಕಥೆ ತೆಗೆದು ಓದುತ್ತಿದ್ದಳು. ಕಳೆದುಹೋದ ಪುಟ್ಟ ಹುಡುಗಿಯ ಫ್ರಾಕನ್ನು ಅವಳ ತಾಯಿ ವರ್ಷವರ್ಷವೂ ಮಡಿಕೆ ಬಿಚ್ಚಿ ಒಂದಿಂಚು ಉದ್ದ ಮಾಡಿಡುವ ಕಥೆ. ಹುಡುಗಿ ವಾಪಸ್ಸು ಬಂದಾಗ ಗಿಡ್ಡವಾಗಬಾರದಲ್ಲ!

ಅಮ್ಮ ಕಣ್ಣೊರೆಸಿಕೊಂಡಳು. “ಎಷ್ಟು ಮಡಿಕೆ ಬಿಟ್ಟಿದ್ಳಂತೆ?”

“ಅಂದ್ರೆ?”

“ಮಕ್ಕಳ ಬಟ್ಟೆಗೆ ನಾಲ್ಕಿಂಚಿಗಿಂತ ಜಾಸ್ತಿ ಒಳಮಡಿಕೆ ಬಿಡಕ್ಕಾಗಲ್ಲ ಕಣೆ. ನಾಲ್ಕು ವರ್ಷ ಆದ್ಮೇಲೆ ಪಾಪ, ಆ ತಾಯಿ ಏನ್ ಮಾಡ್ತಾಳೆ?”

ಮಗಳು ಕಕ್ಕಾಬಿಕ್ಕಿಯಾದಳು. ಒಂಬತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದಾಳೆ. ಫ್ರಾಕ್ ಏನನ್ನು ಸಂಕೇತಿಸುತ್ತದೆ? ನಾಲ್ಕು ಅಂಕ. ಉತ್ತರ ನಿದ್ದೆಗಣ್ಣಲ್ಲೂ ಬರುತ್ತದೆ. ಮಡಿಕೆ ಒಂದು ದಿನ ಮುಗಿದುಹೋಗುತ್ತದೆ ಅನ್ನುವುದು ಮಾತ್ರ ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

“ಮುಂದೆ ಓದು. ಹುಡುಗಿ ಸಿಕ್ತಾಳಾ?”

ಪುಟ ತಿರುಗಿಸಿದರೆ ಅಭ್ಯಾಸದ ಪ್ರಶ್ನೆಗಳು. “ಇಲ್ಲಿಗೇ ಮುಗೀತಮ್ಮ. ದೊಡ್ಡ ಕಥೆ ಇದು, ಪಾಠಕ್ಕೆ ಇಷ್ಟೇ ಇಟ್ಟಿದ್ದಾರೆ. ಒಂಬತ್ತು ವರ್ಷದಿಂದ ನಾನು ಪಾಠ ಮಾಡ್ತಿರೋದೂ ಇಷ್ಟೇ.”

“ನೀನು ಪೂರ್ತಿ ಓದಿರ್ತೀಯಲ್ಲ. ಬಾಯಲ್ಲೇ ಹೇಳು, ಬೇಗ.”

ಸುಳ್ಳಾದರೂ ಹೇಳಿಬಿಡೋಣವೆಂದು ಮಗಳು ತಡಕಾಡಿದಳು. ಸಿಕ್ಕಳು ಅಂದಿದ್ದರೆ ಸಾಕಿತ್ತು, ಅಮ್ಮ ನೆಮ್ಮದಿಯಾಗಿ ಒಳಗೆ ಹೋಗುತ್ತಿದ್ದಳು. ಆದರೆ ಎಷ್ಟು ಕರೆದರೂ ಆ ಹುಡುಗಿ ಬರಲಿಲ್ಲ. ಎರಡೆರಡು ಡಿಗ್ರಿ ಮಾಡಿದ ತಲೆಯಲ್ಲಿ ನಾಲ್ಕು ಅಂಕದ ಉತ್ತರವೊಂದೇ ಸುತ್ತುತ್ತಿತ್ತು.

ನರ್ಸ್ ಬಂದು ಮಂಚದ ಗಾಲಿಯ ಲಾಕ್ ತೆಗೆದಳು.

“ಓದಿಲ್ಲಮ್ಮ,” ಎಂದಳು ಮಗಳು. “ಅದು ಪರೀಕ್ಷೆಗಿಲ್ಲ.”

ಅಮ್ಮ ಬೈಯಲಿಲ್ಲ. ಮಂಚ ಬಾಗಿಲು ದಾಟುವಾಗ ಕತ್ತೆತ್ತಿ, ನಿಜಕ್ಕೂ ಅರ್ಥವಾಗದವಳಂತೆ ಕೇಳಿದಳು: “ಒಂಬತ್ತು ವರ್ಷದಲ್ಲಿ ಒಂದ್ಸಲಾನೂ, ಆ ಹುಡುಗಿ ಏನಾದ್ಲೋ ಅಂತ ನಿನಗೆ ಅನಿಸ್ಲಿಲ್ವೇನೇ?”