ಸೀಟು ಗುರುತಿಸುವ ತೂಕ

ದ್ಯಾಮವ್ವ ನೆಲ ತಿಕ್ಕುವ ಯಂತ್ರದ ಸೀಟಿನಲ್ಲಿ ಕೂತು ಲಿವರನ್ನು ಕೆಳಗೆ ಒತ್ತಿದಳು. ಎಣ್ಣೆಯ ಒತ್ತಡಕ್ಕೆ ಬ್ರಷ್‌ಗಳು ನೆಲಕ್ಕಿಳಿದವು. ಗುಂಡಿ ಅದುಮಿದಾಗ ಅವು ತಿರುಗುತ್ತ ನೆಲದ ಬೂಷ್ಟನ್ನು ಕೆರೆದವು. ಯಂತ್ರದ ಹಿಂದೆ ಅದು ಆಗಲೇ ಮತ್ತೆ ಚಿಗುರುತ್ತಿತ್ತು. ಬೂಷ್ಟಿಗೆ ಹೆದರಿ ಗೋದಾಮಿನ ಜನರೆಲ್ಲ ರ‍್ಯಾಕುಗಳ ಮೇಲೆ ವಾಸವಾಗಿದ್ದರು. ಅವಳು ಸೀಟಿನಿಂದ ಎದ್ದರೆ ಕರೆಂಟು ಕಡಿದು ಬ್ರಷ್‌ಗಳು ಮೇಲೇಳುತ್ತಿದ್ದವು, ಸಂಜೆಯೊಳಗೆ ಬೂಷ್ಟು ರ‍್ಯಾಕು ಹತ್ತುತ್ತಿತ್ತು. ಬೇರೆ ಯಾರು ಕೂತರೂ ಯಂತ್ರ ನಡೆಯದು. ಹೆಸರಿಡುವ ದಿನ ಸೀಟಿನಲ್ಲಿದ್ದವರ ತೊಡೆಯ ಮೇಲೆ ಕೂತ ಕೂಸನ್ನಷ್ಟೇ ಅದು ಗುರುತಿಟ್ಟುಕೊಳ್ಳುತ್ತಿತ್ತು, ಜೀವನಪೂರ್ತಿ. ದ್ಯಾಮವ್ವನನ್ನೂ ಹಾಗೆಯೇ ಕೂರಿಸಿದ್ದರು.

ಕೆಳಗಿನ ರ‍್ಯಾಕಿನ ಅಂಚಿನಲ್ಲಿ ಮೇಸ್ತ್ರಿ ಕಾಶೀಮ ಅವಳ ಮೊಮ್ಮಗಳನ್ನು ಎತ್ತಿಕೊಂಡು ಕಾಯುತ್ತಿದ್ದ. ಅವಳು ಯಂತ್ರವನ್ನು ನಿಧಾನಿಸಿದಳು.

“ಇವತ್ತ ಹೆಸರಿಡ್ತಾರಕ್ಕಾ. ಮೂಗು ಥೇಟ್ ನಿಂದ ಐತಿ.”

“ಪಾಪ. ಉಳದದ್ದಾರ ಚಲೋ ಐತೇನು?”

“ನೀನ ನೋಡು. ಒಂದ್ ಸಲ ತೊಡಿ ಮ್ಯಾಲ ಕುಂದರಿಸ್ಕೊ. ನಿನಗೂ ವಯಸ್ಸಾತು, ಮುಂದ ಯಾರಾರ ಬೇಕಲ್ಲ.”

ಕೂಸು ಕೈಚಾಚಿ ಅವಳ ಬೆರಳು ಹಿಡಿಯಿತು. ಹುಟ್ಟಿದಾಗಿನಿಂದ ದ್ಯಾಮವ್ವ ಅದನ್ನು ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಮೆಲ್ಲಗೆ ಬೆರಳು ಬಿಡಿಸಿಕೊಂಡಳು.

“ಬ್ಯಾಡ,” ಎಂದಳು. “ನಾ ಎತ್ಕೊಳ್ಳೂದಿಲ್ಲ.”